ಅಪ್ಪನ ಬರಹ ಮತ್ತು ಪೌಂಡ್ ಗುರುತು

ಮೊನ್ನೆ ಹಳೇ ಸಿಡಿಯೊಂದರಲ್ಲಿ ಅಪ್ಪನ ನೆನಪುಗಳ ಫೈಲು ಸಿಕ್ಕಿತು. 2003ರಲ್ಲಿ ಮುಂಬಯಿಗೆ ಬಂದಿದ್ದಾಗ ಅವರು ಹೇಳುತ್ತಾ ಹೋದರು, ನಾನು ‘ನುಡಿ’ಯಲ್ಲಿ ಟೈಪಿಸಿದ್ದೆ. ಅವರು ಈಗಿಲ್ಲ. ತೆರೆದರೆ ಕನ್ನಡವೂ ಇಲ್ಲ! ಪುಟದ ತುಂಬಾ ಪೌಂಡ್ ಗುರುತು. ಫಾರಿನ್ ಎಕ್ಸ್‌ಚೇಂಜ್ ಕೌಂಟರಿನಲ್ಲಿದ್ದಾಗಲೂ ಇಷ್ಟು ಪೌಂಡ್ ನೋಡಿರಲಿಲ್ಲ.

ಆಗಿನ ಫಾಂಟುಗಳಲ್ಲಿ ಇದ್ದದ್ದು 256 ಮನೆ. ಅರ್ಧ ಇಂಗ್ಲಿಷಿನದು, ಉಳಿದರ್ಧ ಹೆಚ್ಚಾಗಿ ಯುರೋಪಿನ ಗೆರೆ-ಚುಕ್ಕಿ ಹೊತ್ತ ಅಕ್ಷರಗಳದು. ನಮ್ಮವರು ಅಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದರು. ‘ಪಿ’ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಓರೆಗೆರೆಯ ಫ್ರೆಂಚ್ ‘ಎ’ ಮನೆಯಲ್ಲಿ ತಲೆಕಟ್ಟು, ಪೌಂಡಿನಲ್ಲಿ ನ, ಜರ್ಮನರ ಜೋಡಿ ‘ಎಸ್’ನಲ್ಲಿ ನ-ಒತ್ತು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಮೂಲ ಮಾಲೀಕರು ಎದ್ದು ಕೂರುತ್ತಾರೆ, ಅಷ್ಟೇ.

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ 128 ಮನೆ ಸಿಕ್ಕಿತ್ತು. ನಮ್ಮಂಥವರ ಮೇಜಿಗೆ ಬರಲು 2001ರ ವಿಂಡೋಸ್ ಎಕ್ಸ್‌ಪಿ, ಅದರ ತುಂಗಾ ಫಾಂಟು ಬೇಕಾಯ್ತು. ಆಮೇಲೂ ನಾನು ಹಳೇ ಚಾಳಿ ಬಿಡಲಿಲ್ಲ ನೋಡಿ.

ಪರಿವರ್ತಕಕ್ಕೆ ಹಾಕಿದೆ. ಅರ್ಕಾವತ್ತು ಕೈಕೊಟ್ಟಿತು. ಹಳೇ ಫಾಂಟಿನಲ್ಲಿ ಅದು ಅಕ್ಷರದ ಬೆನ್ನಿಗೆ ಬರುತ್ತೆ, ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು. ‘ಕರ್ನಾಟಕ’ ಹೋಗಿ ‘ಕನಾರ್ಟಕ’! ಒಂದೊಂದೇ ತಿದ್ದುತ್ತಿದ್ದೇನೆ. ನಿನ್ನೆ ರಾತ್ರಿಗೆ ಅಪ್ಪನ ಹೈಸ್ಕೂಲು ಮುಗಿಯಿತು.