ಊರೆಲ್ಲ ಸನ್ನೆ ಬಲ್ಲ ಕಾಲ: ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಒಂದು ಇತಿಹಾಸ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಾಚೆ, ಕೇಪ್ ಕಾಡ್ ಎಂಬ ಭೂಶಿರದಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಮಾರ್ಥಾಸ್ ವಿನ್ಯಾರ್ಡ್ ದ್ವೀಪವು ಇಂದು ಸಿರಿವಂತರ ಬೇಸಿಗೆಯ ಬೀಡೆಂದು ಹೆಸರಾಗಿದ್ದರೂ, ಕಿವುಡರ ಇತಿಹಾಸದಲ್ಲಿ ಅದರ ಹೆಸರು ಬೇರೆಯೇ ಕಾರಣಕ್ಕೆ ಉಳಿದಿದೆ. ಹದಿನೇಳನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದವರೆಗೆ ಈ ದ್ವೀಪದಲ್ಲಿ ಹುಟ್ಟುಕಿವುಡರ ಒಂದು ವಂಶಪರಂಪರೆ ಮುಂದುವರಿಯಿತು. ಅವರೊಡನೆ ಬಾಳಿದ, ಕಿವಿ ಕೇಳುವ ನೆರೆಹೊರೆಯವರು ಅವರ ಸನ್ನೆ ಭಾಷೆಯನ್ನು ತಮ್ಮದನ್ನಾಗಿ ಮಾಡಿಕೊಂಡರು. ಸನ್ನೆ ಭಾಷೆ ಎಂದರೆ ಕೈಯ ಆಕಾರ, ಅದರ ನೆಲೆ, ಚಲನೆ ಮತ್ತು ಮುಖಭಾವಗಳಿಂದ ಪದ, ವಾಕ್ಯಗಳನ್ನು ಕಟ್ಟುವ, ಸ್ವಂತ ವ್ಯಾಕರಣವುಳ್ಳ ಪೂರ್ಣ ಭಾಷೆ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪತೊಡಗಿದ್ದು 1960ರಲ್ಲಿ ವಿಲಿಯಂ ಸ್ಟೋಕೀ ಅಮೆರಿಕದ ಸನ್ನೆ ಭಾಷೆಯ ರಚನೆಯನ್ನು ವಿಶ್ಲೇಷಿಸಿದ ಮೇಲೆ. ವಿನ್ಯಾರ್ಡಿನ ಮೀನುಗಾರರು ಮತ್ತು ರೈತರು ಯಾವ ಶಾಸ್ತ್ರದ ಒಪ್ಪಿಗೆಗೂ ಕಾಯದೆ ಅದನ್ನು ಭಾಷೆಯಾಗಿಯೇ ಬಳಸಿದ್ದರು.

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕೆಲವು ಕುಟುಂಬಗಳು 1630ರ ದಶಕದಲ್ಲಿ ಮ್ಯಾಸಚೂಸೆಟ್ಸಿಗೆ ವಲಸೆ ಬಂದು, ಅವುಗಳ ಮುಂದಿನ ತಲೆಮಾರುಗಳಲ್ಲಿ ಹಲವರು ಈ ದ್ವೀಪದಲ್ಲಿ ನೆಲೆಯೂರಿದರು. ದ್ವೀಪದ ಮೊದಲ ಕಿವುಡ ನಿವಾಸಿಯೆಂದು ದಾಖಲಾಗಿರುವವನು 1690ರ ದಶಕದಲ್ಲಿ ಅಲ್ಲಿಗೆ ಬಂದ ಜೊನಾಥನ್ ಲ್ಯಾಂಬರ್ಟ್; ಅವನ ಮಕ್ಕಳಲ್ಲಿ ಇಬ್ಬರು ಕಿವುಡರಾಗಿದ್ದರು. ಈ ಕಿವುಡುತನಕ್ಕೆ ಕಾರಣ ಅಪ್ರಬಲ ವಂಶವಾಹಿ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗುವಿನಲ್ಲಿ ಪ್ರಕಟವಾಗುವ ಗುಣ. ಹೊರಗಿನವರು ಹೆಚ್ಚಾಗಿ ಬಾರದ ದ್ವೀಪದಲ್ಲಿ ಸಂಬಂಧಿಕರ ನಡುವೆಯೇ ಮದುವೆಗಳು ನಡೆಯುತ್ತಿದ್ದುದರಿಂದ, ಕಿವಿ ಕೇಳುವ ದಂಪತಿಗೂ ಕಿವುಡ ಮಗು ಹುಟ್ಟುವುದು ಸಾಮಾನ್ಯವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಉಳಿದೆಡೆ ಹುಟ್ಟುಕಿವುಡರ ಪ್ರಮಾಣ ಸುಮಾರು 5,700 ಜನರಲ್ಲಿ ಒಬ್ಬರಿದ್ದರೆ, ಈ ದ್ವೀಪದಲ್ಲಿ 155 ಜನರಲ್ಲಿ ಒಬ್ಬರು, ಪಶ್ಚಿಮ ಭಾಗದ ಚಿಲ್ಮಾರ್ಕ್ ಎಂಬ ಊರಿನಲ್ಲಿ 25 ಜನರಲ್ಲಿ ಒಬ್ಬರು ಎಂದು ಅಂದಾಜಿಸಲಾಗಿದೆ. ಚಿಲ್ಮಾರ್ಕಿನಲ್ಲಿ ಸನ್ನೆ ತಿಳಿಯದೆ ಬದುಕುವುದೆಂದರೆ ಸೋದರತ್ತೆಯ ಜೊತೆಗೋ ದೋಣಿಯ ಜೊತೆಗಾರನ ಜೊತೆಗೋ ಮಾತು ಬಿಟ್ಟು ಬದುಕಿದಂತೆಯೇ ಆಗುತ್ತಿತ್ತು.

ಈ ಬದುಕಿನ ವಿವರಗಳು ಉಳಿದಿರುವುದು ಬಹುಮಟ್ಟಿಗೆ ಮಾನವಶಾಸ್ತ್ರಜ್ಞೆ ನೋರಾ ಎಲೆನ್ ಗ್ರೋಸ್ ಅವರಿಂದ. ಆ ದಿನಗಳನ್ನು ಕಂಡಿದ್ದ ದ್ವೀಪದ ವೃದ್ಧರನ್ನು ಮಾತಾಡಿಸಿ ಅವರು ಸಂಗ್ರಹಿಸಿದ ನೆನಪುಗಳು 1985ರಲ್ಲಿ ಪುಸ್ತಕವಾಗಿ ಹೊರಬಂದವು. ಅದರ ಪ್ರಕಾರ ಮಕ್ಕಳು ಇಂಗ್ಲಿಷ್ ಕಲಿತಷ್ಟೇ ಸಹಜವಾಗಿ, ಯಾರೂ ಪಾಠ ಮಾಡದೆ, ಮನೆಯಲ್ಲಿ, ಅಂಗಡಿಯಲ್ಲಿ, ಗದ್ದೆ ಬಯಲಿನಲ್ಲಿ ಸನ್ನೆಯನ್ನು ಕಲಿಯುತ್ತಿದ್ದರು. ಅಂಚೆ ತರಲು ಬಂದವರು ದಿನಸಿ ಅಂಗಡಿಯ ಬಳಿ ಹರಟೆಗೆ ನಿಂತಾಗ ಗುಂಪಿನಲ್ಲಿ ಒಬ್ಬ ಕಿವುಡನಿದ್ದರೂ ಮಾತಿನ ಜೊತೆ ಕೈಗಳೂ ಆಡುತ್ತಿದ್ದವು. ಚರ್ಚಿನಲ್ಲಿ ಉಪದೇಶವನ್ನು ಯಾರಾದರೊಬ್ಬರು ಸನ್ನೆಯಲ್ಲಿ ತಿಳಿಸುತ್ತಿದ್ದರು. ಇದಕ್ಕಿಂತಲೂ ಮಹತ್ವದ ಸಂಗತಿಯೆಂದರೆ ಕಿವುಡರು ಹತ್ತಿರವಿಲ್ಲದಾಗಲೂ ಕಿವಿ ಕೇಳುವವರು ತಮ್ಮತಮ್ಮಲ್ಲೇ ಸನ್ನೆ ಮಾಡುತ್ತಿದ್ದರೆಂಬುದು. ಗಾಳಿಯ ಅಬ್ಬರದಲ್ಲಿ ಕೂಗು ಕೇಳಿಸದ ಕಡಲಿನಲ್ಲಿ ಒಂದು ದೋಣಿಯವರು ಇನ್ನೊಂದು ದೋಣಿಯವರಿಗೆ ಕೈಸನ್ನೆಯಿಂದಲೇ ಸುದ್ದಿ ಮುಟ್ಟಿಸುತ್ತಿದ್ದರು. ಶಾಲೆಯ ಮಕ್ಕಳು ಮೇಷ್ಟರ ಬೆನ್ನ ಹಿಂದೆ ಸನ್ನೆಯಲ್ಲಿ ಗುಸುಗುಸು ನಡೆಸುತ್ತಿದ್ದರು. ಎಲ್ಲರೂ ಸಮಾನ ಪರಿಣತರಾಗಿರಲಿಲ್ಲ. ಕೆಲವರಿಗೆ ನಿರರ್ಗಳವಾಗಿ ಬರುತ್ತಿತ್ತು, ಕೆಲವರಿಗೆ ವ್ಯವಹಾರಕ್ಕೆ ಸಾಕಾಗುವಷ್ಟೇ. ಆ ಸಾಕಾಗುವಷ್ಟರಿಂದಲೇ ಕಿವುಡನೊಬ್ಬ ದೋಣಿಯಲ್ಲಿ ಪಾಲುದಾರನಾಗಲು, ಹರಟೆಯಲ್ಲಿ ಕಡೆಗಣನೆಗೆ ಒಳಗಾಗದೆ ಕೂರಲು ಸಾಧ್ಯವಾಯಿತೆಂಬುದನ್ನು ಈ ಇತಿಹಾಸವನ್ನು ಓದುವವರು ವಿಶೇಷವಾಗಿ ಗಮನಿಸಬೇಕು. ಕಿವುಡರು ಉಳಿದವರಂತೆಯೇ ಮದುವೆಯಾದರು, ಅವರಲ್ಲಿ ಬಹಳ ಮಂದಿಯ ಬಾಳಸಂಗಾತಿಗಳು ಕಿವಿ ಕೇಳುವವರು. ಆಸ್ತಿ ಮಾಡಿದರು, ಊರಿನ ಸಭೆಗಳಲ್ಲಿ ಪಾಲ್ಗೊಂಡರು.

ಹೊರಗಿನವರ ಕಣ್ಣಿಗೆ ಇದು ಹೇಗೆ ಕಂಡಿತೆಂಬುದಕ್ಕೂ ಒಂದು ದಾಖಲೆಯಿದೆ. 1714ರಲ್ಲಿ ದ್ವೀಪಕ್ಕೆ ಬಂದಿದ್ದ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂಯಲ್, ತನ್ನೆದುರಿಗಿದ್ದ ಇಂಗ್ಲಿಷ್ ಮನುಷ್ಯನೊಬ್ಬ ಒಂದು ಮಾತನ್ನೂ ಆಡದಿದ್ದುದಕ್ಕೆ ಮುನಿಸಿಕೊಳ್ಳುವುದರಲ್ಲಿದ್ದು, ಅವನು ಕಿವುಡನೆಂದು ತಿಳಿದ ಸಂಗತಿಯನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಮನುಷ್ಯ ಮೇಲೆ ಹೇಳಿದ ಲ್ಯಾಂಬರ್ಟನೇ. ಅಂದಿನ ಭೇಟಿಯಲ್ಲಿ ಭಾಷೆ ಬಾರದವನು ಯಾರೆಂದು ಕೇಳಿದರೆ, ನ್ಯಾಯವಾಗಿ ನ್ಯಾಯಾಧೀಶನನ್ನೇ ಹೆಸರಿಸಬೇಕಾಗುತ್ತದೆ.

1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಥಾಮಸ್ ಗ್ಯಾಲಡೆಟ್ ಮತ್ತು ಫ್ರಾನ್ಸಿನಿಂದ ಬಂದ ಕಿವುಡ ಶಿಕ್ಷಕ ಲೊರಾಂ ಕ್ಲೆರ್ಕ್ ಸೇರಿ ಆರಂಭಿಸಿದ ಶಾಲೆಗೆ ವಿನ್ಯಾರ್ಡಿನ ಮಕ್ಕಳೂ ಹೋಗತೊಡಗಿದರು. ಮ್ಯಾಸಚೂಸೆಟ್ಸ್ ಸರ್ಕಾರ ಅವರ ವೆಚ್ಚವನ್ನು ಭರಿಸುತ್ತಿದ್ದುದರಿಂದ ಕಿವುಡರು ಕೆಲವೊಮ್ಮೆ ನೆರೆಯವರಿಗಿಂತ ಹೆಚ್ಚು ಓದಿದವರಾದರು. ಕಾಗದಪತ್ರ ಓದಿಸಿಕೊಳ್ಳಲು ಕಿವಿ ಕೇಳುವವರು ಅವರ ಬಳಿ ಬರುತ್ತಿದ್ದರೆಂಬ ನೆನಪು ದ್ವೀಪದಲ್ಲಿ ಉಳಿದಿತ್ತು.

ಹೊರಜಗತ್ತು ಮಾತ್ರ ಅದೇ ಹೊತ್ತಿಗೆ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು, ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವ ಮತ್ತು ಬಾಯಿಂದ ಮಾತಾಡಲು ಕಲಿಸುವ ಪದ್ಧತಿಯೇ ಸನ್ನೆಗಿಂತ ಮೇಲೆಂದು ನಿರ್ಣಯಿಸಿತು. ಇದರಿಂದ ಬಹುಪಾಲು ದೇಶಗಳ ಶಾಲೆಗಳಲ್ಲಿ ಸನ್ನೆಗೆ ಎಡೆ ತಪ್ಪಿತು. ಆ ನಿರ್ಣಯಗಳನ್ನು ಅದೇ ಸಮ್ಮೇಳನ ಔಪಚಾರಿಕವಾಗಿ ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ಟೆಲಿಫೋನಿನ ಶೋಧಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಸನ್ನೆಯಲ್ಲಿ ಪಾಠ ಹೇಳುವುದನ್ನೂ ಕಿವುಡರು ಕಿವುಡರನ್ನೇ ಮದುವೆಯಾಗುವುದನ್ನೂ ವಿರೋಧಿಸಿದವನು. 1880ರ ದಶಕದಲ್ಲಿ ಅವನು ವಿನ್ಯಾರ್ಡಿನ ವಂಶಾವಳಿಗಳನ್ನು ಕಲೆಹಾಕಿದನಾದರೂ, ಮೆಂಡೆಲನ ಆನುವಂಶಿಕ ನಿಯಮಗಳು ಇನ್ನೂ ಬೆಳಕಿಗೆ ಬಂದಿರಲಿಲ್ಲವಾಗಿ, ಕಿವುಡ ತಂದೆಯ ಮಕ್ಕಳೆಲ್ಲ ಕಿವುಡರಾಗದಿರುವ ಒಗಟು ಅವನಿಗೆ ಬಿಡಿಸಲಾಗಲಿಲ್ಲ. ಅಷ್ಟು ಶ್ರಮಪಟ್ಟು ರಕ್ತಸಂಬಂಧಗಳನ್ನು ಹುಡುಕಿದವನಿಗೆ, ಆ ಊರಿನಲ್ಲಿ ಕಿವುಡುತನ ಒಂದು ಸಂಕಟವಾಗಿ ಕಾಡದಿದ್ದುದರ ಅರ್ಥ ಹೊಳೆಯದೇ ಹೋದದ್ದು ವಿಷಾದದ ಸಂಗತಿ.

ಪ್ರವಾಸಿಗರೂ ಹೊಸ ವಲಸಿಗರೂ ಬಂದು, ದ್ವೀಪದವರು ಹೊರಗಿನವರನ್ನು ಮದುವೆಯಾಗತೊಡಗಿದ ಮೇಲೆ ಕಿವುಡ ಮಕ್ಕಳ ಜನನ ಕಡಿಮೆಯಾಗುತ್ತಾ ಬಂತು. ಈ ಪರಂಪರೆಯ ಕೊನೆಯ ಕಿವುಡ ವ್ಯಕ್ತಿ ಕೇಟಿ ವೆಸ್ಟ್ 1952ರಲ್ಲಿ ತೀರಿಕೊಂಡರು.

ಇಂಥ ಊರು ಕರ್ನಾಟಕದಲ್ಲೂ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಸಮುದಾಯದೊಳಗೇ ಮದುವೆಯಾಗುವ ಷಿಯಾ ಮುಸ್ಲಿಮರ ನಡುವೆ, ಭಾರತೀಯ ಸನ್ನೆ ಭಾಷೆಗಿಂತ ಬೇರೆಯಾದ ಒಂದು ಸನ್ನೆ ಭಾಷೆ ಬೆಳೆದಿದೆ. ಸ್ವತಃ ಕಿವುಡರಾದ ಭಾಷಾಶಾಸ್ತ್ರಜ್ಞ ಸಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿದ್ದಾರೆ. ಅಲ್ಲಿಯೂ ಕಿವಿ ಕೇಳುವ ಅನೇಕರಿಗೆ ಸನ್ನೆ ಬರುತ್ತದೆ. ಆದರೆ ಅಲೀಪುರದ ಗಡಿ ದಾಟಿದರೆ ಸ್ಥಿತಿ ಬೇರೆ: 2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ, ಅವರಲ್ಲಿ ಸನ್ನೆಯನ್ನೇ ನೆಚ್ಚಿದವರು ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ತಮ್ಮ ಭಾಷೆ ಬಲ್ಲವರೊಬ್ಬರನ್ನು ಕಾಣುವುದು ಅಪರೂಪ. ಕಲಿಯಲು ದಾರಿಯಿಲ್ಲವೆಂಬ ನೆಪ ಈಗ ಉಳಿದಿಲ್ಲ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರ ವೇಳೆಗೆ 10,000 ಪದಗಳ ವಿಡಿಯೊ ನಿಘಂಟನ್ನು ಸಿದ್ಧಪಡಿಸಿದ್ದು, ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಮಸ್ಕಾರ, ನೀರು, ನೋವು, ಎಷ್ಟು, ಎಲ್ಲಿ ಎಂಬಂಥ ಐವತ್ತು ಸನ್ನೆಗಳನ್ನು ಬಸ್ ಕಂಡಕ್ಟರ್, ದಾದಿ, ಪೊಲೀಸ್ ಪೇದೆ, ಬ್ಯಾಂಕ್ ಗುಮಾಸ್ತರ ತರಬೇತಿಯಲ್ಲಿ ಸೇರಿಸಲು ರಾಜ್ಯ ಸರ್ಕಾರ ಮುಂದಾಗಬೇಕು. ಶಾಲೆಗಳು ಅವನ್ನು ಪ್ರಾಥಮಿಕ ತರಗತಿಗಳಿಂದಲೇ ಮಕ್ಕಳಿಗೆ ಕಲಿಸಬೇಕು.