ವಾರಕ್ಕೊಂದು ಪೆನ್ನಿ

ನಮ್ಮ ಸಭೆಯ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದು ಹಲವು ವರ್ಷಗಳಾದವು. "ಬ್ಯಾಂಕಿನವನಲ್ವಾ, ಇವನ ತಲೆಗೇ ಕಟ್ಟೋಣ" ಎಂದು ಹಿರಿಯರೆಲ್ಲ ಸೇರಿ ತೀರ್ಮಾನಿಸಿದ್ದರು! ಮುಂಬಯಿಯ ಉಪನಗರದ ಒಂದು ಸಣ್ಣ ಕನ್ನಡ ಸಭೆ ನಮ್ಮದು. ಒಬ್ಬರು ವಸಾಯಿಯಿಂದ ಬರುತ್ತಾರೆ, ಇನ್ನೊಬ್ಬರು ಡೊಂಬಿವ್ಲಿಯಿಂದ. ಲೋಕಲ್ ಟ್ರೈನಿನಲ್ಲಿ ಎರಡು ಸಲ ಬದಲಾಯಿಸಿ ಬರುವವರೂ ಇದ್ದಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಲ್ಲರಂತೆ ನಾವೂ ಆರಾಧನೆಯನ್ನು ಮೊಬೈಲಿಗೆ ತಂದೆವು. ಆ ದಿನಗಳಲ್ಲಿ ಅದು ನಿಜಕ್ಕೂ ದೊಡ್ಡ ಉಪಕಾರ, ಸುಳ್ಳು ಹೇಳಬಾರದು. ಕಾಣಿಕೆಗೂ ಕ್ಯೂಆರ್ ಕೋಡ್ ಬಂತು. ಆಮೇಲೆ ದೇವಾಲಯ ತೆರೆಯಿತು, ಆದರೆ ದೂರದವರು, ವಯಸ್ಸಾದವರು ಮೊಬೈಲಿನಲ್ಲೇ ಉಳಿದರು. ನನಗೂ ಸುಖವಾಯಿತು. ಚಿಲ್ಲರೆ ಎಣಿಸುವ ರಗಳೆ ಇಲ್ಲ, ರಸೀದಿ ಬರೆಯುವುದಿಲ್ಲ, ಸ್ಟೇಟ್‌ಮೆಂಟ್ ತೆಗೆದರೆ ಎಲ್ಲ ಟ್ಯಾಲಿ.

ನಮ್ಮ ಸಭೆಯಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ. ಎಲ್ಲರೂ ಟೀಚರಮ್ಮ ಎಂದೇ ಕರೆಯುವುದು. ಮಗ ಬೇರೆ ಊರಿನಲ್ಲಿ. ಅವರ ವಂತಿಗೆ ಪ್ರತಿ ತಿಂಗಳು 5ನೇ ತಾರೀಕು ತಾನಾಗಿಯೇ ಖಾತೆಗೆ ಬೀಳುವಂತೆ ಅವನು ವ್ಯವಸ್ಥೆ ಮಾಡಿಕೊಟ್ಟಿದ್ದ. ಒಂದು ಸಲವೂ ತಪ್ಪಿಲ್ಲ. ಒಂದು ದಿನ ಅವರ ಪಕ್ಕದ ಮನೆಯವರು ಮಾರ್ಕೆಟ್ಟಿನಲ್ಲಿ ನನ್ನ ಹೆಂಡತಿಗೆ ಸಿಕ್ಕರು. ಆಗಲೇ ಗೊತ್ತಾದದ್ದು, ಟೀಚರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆರು ವಾರವಾಗಿತ್ತು! ಆಪರೇಷನ್ ಆಗಿ, ಮಗ ಬಂದು ರಜೆ ಮುಗಿಸಿ ಹೋಗಿಯೂ ಆಗಿತ್ತು. ನಮ್ಮ ಸಭೆಯಿಂದ ಒಂದು ನರಪಿಳ್ಳೆ ಹೋಗಿರಲಿಲ್ಲ.

ಅಂದೇ ಸಂಜೆ ಓಡಿದೆವು. ಅವರಿಗೆ ಕೋಪವೇನೂ ಇರಲಿಲ್ಲ. "ದುಡ್ಡು ಸರಿಯಾಗಿ ಬರ್ತಾ ಇತ್ತಲ್ಲ ಮಗಾ, ಹಾಗಾಗಿ ನಿನಗೆ ಗೊತ್ತಾಗ್ಲಿಲ್ಲ" ಎಂದರು. ಸಮಾಧಾನ ಮಾಡಲೆಂದೇ ಹೇಳಿದ ಮಾತು. ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಪುಸ್ತಕದಲ್ಲಿ ಆ ಎರಡು ತಿಂಗಳೂ ಅವರ ಹೆಸರಿನ ಮುಂದೆ ಎಲ್ಲವೂ ಸರಿಯಾಗಿತ್ತು.

ಆಮೇಲೆ ನೆನಪಾದದ್ದು ಹಿಂದೊಮ್ಮೆ ಓದಿದ್ದ ಜಾನ್ ವೆಸ್ಲಿಯ ಕಥೆ. ಸಭೆಯ ಸಾಲ ತೀರಿಸಲು ಹೊರಟ ಜನ ಸಭೆಯನ್ನೇ ಕಟ್ಟಿದ ಕಥೆ ಅದು. ಬ್ಯಾಂಕಿನವನಾದ ನನಗೆ ಅದರಲ್ಲಿ ಸ್ವಲ್ಪ ಹೆಚ್ಚೇ ಆಸಕ್ತಿ!

ವೆಸ್ಲಿ (1703-1791) ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಆಕ್ಸ್‌ಫರ್ಡಿನಲ್ಲಿ ಓದಿದವರು. 1739ರ ಏಪ್ರಿಲ್ 2ರಂದು ಬ್ರಿಸ್ಟಲ್ ನಗರದ ಹೊರಗೆ ಬಯಲಿನಲ್ಲಿ ನಿಂತು ಮೊದಲ ಸಲ ಪ್ರಸಂಗ ಮಾಡಿದರು. ಸುಮಾರು 3000 ಜನ ಸೇರಿದ್ದರೆಂದು ಅವರ ದಿನಚರಿಯಲ್ಲಿದೆ. ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕೆಲಸಗಾರರು, ಕೂಲಿಯವರು, ಮನೆಕೆಲಸದವರು ಅವರ ಮಾತು ಕೇಳಲು ಬರತೊಡಗಿದರು. ಹಳ್ಳಿ ಬಿಟ್ಟು ಹೊಟ್ಟೆಪಾಡಿಗೆ ಬಂದವರು ಅವರಲ್ಲಿ ಬಹಳ. ನಮ್ಮ ಹಾಗೇ ಅನ್ನಿ. ಅದೇ ವರ್ಷ ಮೇ ತಿಂಗಳಲ್ಲಿ ಅವರಿಗಾಗಿ ಒಂದು ಕಟ್ಟಡ ಕಟ್ಟಲು ಶುರುಮಾಡಿದರು. ಅದರ ಹೆಸರು ನ್ಯೂ ರೂಮ್. ಬ್ರಿಸ್ಟಲ್‌ನಲ್ಲಿ ಅದು ಈಗಲೂ ಇದೆ.

ಕಟ್ಟಡ ಎದ್ದಿತು, ಜೊತೆಗೆ ಸಾಲವೂ ಎದ್ದಿತು. 1742ರ ಫೆಬ್ರವರಿ 15ರಂದು ಸಾಲ ತೀರಿಸುವುದು ಹೇಗೆಂದು ಯೋಚಿಸಲು ಎಲ್ಲರೂ ಸೇರಿದರು. ಆಗ ಕ್ಯಾಪ್ಟನ್ ಫೋಯ್ ಎಂಬವರು ಎದ್ದು, ಸಾಲ ತೀರುವ ತನಕ ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು. ಎಷ್ಟೋ ಜನರಿಗೆ ಅಷ್ಟೂ ಶಕ್ತಿಯಿಲ್ಲವಲ್ಲ ಎಂದು ಯಾರೋ ಆಕ್ಷೇಪಿಸಿದರು. ಅದಕ್ಕೆ ಫೋಯ್ ಹೇಳಿದ್ದು ಇಷ್ಟು: ಬಹಳ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರಕ್ಕೊಮ್ಮೆ ಅವರ ಮನೆಗೆ ನಾನೇ ಹೋಗುತ್ತೇನೆ, ಕೊಟ್ಟರೆ ತರುತ್ತೇನೆ, ಕೊಡಲಾಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ.

ಲೆಕ್ಕ ನೋಡಿ. ಹನ್ನೊಂದು ಜನ, ಜೊತೆಗೆ ಅವರೊಬ್ಬರು, ಒಟ್ಟು ಹನ್ನೆರಡು. ಹನ್ನೆರಡು ಪೆನ್ನಿಗೆ ಆಗಿನ ಒಂದು ಶಿಲ್ಲಿಂಗ್. ಒಂದು ಗುಂಪಿಗೆ ವಾರಕ್ಕೆ ಸರಿಯಾಗಿ ಒಂದು ಶಿಲ್ಲಿಂಗ್! ಬರೆಯಲೂ ಸುಲಭ, ಕೂಡಿಸಲೂ ಸುಲಭ. ಬೇರೆಯವರೂ ಒಪ್ಪಿಕೊಂಡರು. ಇಡೀ ಸಭೆಯನ್ನು ಹೀಗೆ ಸಣ್ಣ ಸಣ್ಣ ಗುಂಪುಗಳಾಗಿ ಹಂಚಿದರು. ಪ್ರತಿ ಗುಂಪಿಗೆ ಕ್ಲಾಸ್ ಎಂದು ಹೆಸರು, ಅದಕ್ಕೊಬ್ಬ ನಾಯಕ.

ಸ್ವಾರಸ್ಯ ಇರುವುದು ಇದರ ಮುಂದೆ. ನಾಯಕರು ಪೆನ್ನಿ ವಸೂಲಿಗೆಂದು ಮನೆಗಳಿಗೆ ಹೋದಾಗ ಪೆನ್ನಿಗಿಂತ ಹೆಚ್ಚಿನದು ಕಣ್ಣಿಗೆ ಬಿತ್ತು. ಒಬ್ಬ ಕುಡಿಯಲು ಶುರುಮಾಡಿದ್ದಾನೆ, ಇನ್ನೊಂದು ಮನೆಯಲ್ಲಿ ಗಂಡ ಹೆಂಡಿರ ಜಗಳ. ಅವರು ಬಂದು ವೆಸ್ಲಿಗೆ ಹೇಳಿದರು. ತಾನು ಎಷ್ಟೋ ದಿನದಿಂದ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ತಕ್ಷಣ ಹೊಳೆಯಿತು. ಸಾವಿರ ಜನರಿಗೆ ಪ್ರಸಂಗ ಮಾಡಬಹುದು, ಆದರೆ ಸಾವಿರ ಜನರ ಮನೆಯ ಕಷ್ಟ ಒಬ್ಬ ಪಾದ್ರಿಗೆ ಗೊತ್ತಾಗುವುದು ಹೇಗೆ? ಕೆಲವೇ ವಾರಗಳಲ್ಲಿ ಲಂಡನ್ನಿನಲ್ಲೂ ಇದೇ ಪದ್ಧತಿ ಬಂತು.

ಮನೆಮನೆಗೆ ಹೋಗುವುದರಲ್ಲಿ ತೊಂದರೆಯೂ ಇತ್ತು. ನಾಯಕರೂ ದುಡಿದು ತಿನ್ನುವವರೇ, ಅಷ್ಟು ಸಮಯ ಎಲ್ಲಿಂದ ತರಬೇಕು? ಸದಸ್ಯರಲ್ಲಿ ಹಲವರು ಯಜಮಾನರ ಮನೆಯಲ್ಲಿದ್ದುಕೊಂಡೇ ಚಾಕರಿ ಮಾಡುವವರು, ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಆದ್ದರಿಂದ ಹನ್ನೆರಡೂ ಜನ ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದರು. ಎದುರೆದುರು ಕೂತು ಆ ವಾರ ಹೇಗೆ ಕಳೆಯಿತೆಂದು ಹೇಳಿಕೊಳ್ಳುವುದು, ಪ್ರಾರ್ಥಿಸುವುದು, ಪೆನ್ನಿ ಕೊಡುವುದು. ಹೆಂಗಸರೂ ನಾಯಕಿಯರಾಗಿದ್ದರು. ಆ ಕಾಲಕ್ಕೆ ಅದು ಸಣ್ಣ ವಿಷಯವಲ್ಲ.

1743ರಲ್ಲಿ ವೆಸ್ಲಿ ಅಚ್ಚು ಹಾಕಿಸಿದ ನಿಯಮಗಳಲ್ಲಿ ನಾಯಕನ ಕೆಲಸ ಏನೆಂದು ಸ್ಪಷ್ಟವಾಗಿದೆ. ವಾರಕ್ಕೊಮ್ಮೆ ಪಾದ್ರಿಯನ್ನೂ ಲೆಕ್ಕ ನೋಡುವವರನ್ನೂ ಅವನು ಕಾಣಬೇಕು. ಬಂದ ಹಣವನ್ನು ಒಪ್ಪಿಸಬೇಕು, ಯಾರಿಗೆ ಕಾಯಿಲೆಯಾಗಿದೆ ಎಂಬುದನ್ನೂ ತಿಳಿಸಬೇಕು. ಹಣದ ಲೆಕ್ಕ ಮತ್ತು ಕಾಯಿಲೆಯವರ ಸುದ್ದಿ ಒಂದೇ ಕೈಯಲ್ಲಿ ಒಟ್ಟಿಗೆ ಬರುತ್ತಿತ್ತು! ಇದನ್ನು ಓದಿದಾಗ ಟೀಚರಮ್ಮನ ಮಾತು ಮತ್ತೆ ಚುಚ್ಚಿತು. ನನ್ನ ಕೈಗೆ ಬರುತ್ತಿದ್ದದ್ದು ಹಣ ಮಾತ್ರ.

ಎಲ್ಲವೂ ಚೆನ್ನಾಗಿತ್ತು ಎಂದೇನೂ ಅಲ್ಲ. ಹತ್ತಿರದಿಂದ ನೋಡುವ ಕಣ್ಣು ಬೇಗನೆ ಪೊಲೀಸ್ ಕಣ್ಣಾಗುತ್ತದೆ. 1743ರಲ್ಲಿ ನ್ಯೂಕಾಸಲ್ ಊರಿನ ಸಭೆಯಿಂದ ವೆಸ್ಲಿ 64 ಜನರನ್ನು ಹೊರಗೆ ಹಾಕಿದರು. ಅವರಲ್ಲಿ 17 ಜನ ಕುಡಿತಕ್ಕೆ, 29 ಜನ ಬರೀ ಉದಾಸೀನಕ್ಕೆ! ಮೂರು ತಿಂಗಳಿಗೊಮ್ಮೆ ಟಿಕೆಟ್ ಕೊಡುವ ಪದ್ಧತಿಯೂ ಇತ್ತು, ಸರಿಯಾಗಿ ನಡೆಯದವರಿಗೆ ಹೊಸ ಟಿಕೆಟ್ ಇಲ್ಲ. ಇಂದು ಹಾಗೆ ಮಾಡಿದರೆ ನಮ್ಮ ಸಭೆಯಲ್ಲಿ ಅಯ್ಯನವರು ಮತ್ತು ಹಾರ್ಮೋನಿಯಂ ಮಾತ್ರ ಉಳಿದಾವು. ಆದರೂ 1791ರಲ್ಲಿ ವೆಸ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಒಟ್ಟು ಸುಮಾರು 72 ಸಾವಿರ ಸದಸ್ಯರಿದ್ದರು. ಬರೀ ಪ್ರಸಂಗ ಕೇಳಿ ಹೋಗುವವರಾಗಿದ್ದರೆ ಇಷ್ಟು ಜನ ಉಳಿಯುತ್ತಿದ್ದರೇ, ನನಗಂತೂ ಅನುಮಾನ.

ಈ ಪದ್ಧತಿ ನಮ್ಮ ಮುಂಬಯಿಗೂ ಬಂದಿತ್ತು. 1871ರ ಕೊನೆಯಲ್ಲಿ ವಿಲಿಯಂ ಟೇಲರ್ ಎಂಬ ಅಮೆರಿಕದ ಮೆಥೋಡಿಸ್ಟ್ ಬೋಧಕರು ಬೊಂಬಾಯಿಗೆ ಬಂದರು. ಇವರ ಕೂಟಗಳಿಗೆ ಬಂದವರು ಹೆಚ್ಚಾಗಿ ಇಂಗ್ಲಿಷ್ ಮಾತಾಡುವ ನೌಕರಿಯವರು, ಅಂದರೆ ಅವರೂ ನಗರಕ್ಕೆ ಕೆಲಸ ಹುಡುಕಿ ಬಂದವರೇ. ಟೇಲರ್ ಮೊದಲು ದೇವಾಲಯ ಕಟ್ಟಲಿಲ್ಲ. ಜನರನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ ಒಬ್ಬೊಬ್ಬರ ಮನೆಯಲ್ಲಿ ಸೇರುವಂತೆ ಮಾಡಿದರು. ಬೊಂಬಾಯಿಯ ಮೆಥೋಡಿಸ್ಟ್ ಸಭೆ ಹುಟ್ಟಿದ್ದು ಹೀಗೆ ಮನೆಗಳ ಪಡಸಾಲೆಯಲ್ಲಿ.

ಹಾಗಾದರೆ ಕ್ಲಾಸ್ ಪದ್ಧತಿ ಸತ್ತದ್ದು ಹೇಗೆ? ಮೊಬೈಲಿನಿಂದಲ್ಲ! ಅದಕ್ಕೂ ನೂರು ವರ್ಷ ಮೊದಲೇ ಸೊರಗಿತ್ತು. ದೇವಾಲಯಗಳು ದೊಡ್ಡದಾದವು, ಊರಲ್ಲೇ ನೆಲೆಸುವ ಪಾದ್ರಿಗಳು ಬಂದರು, ಕೂಟಕ್ಕೆ ಹೋಗುವುದು ಹಲವರಿಗೆ ಬರೀ ರೂಢಿಯಾಯಿತು. 1866ರಲ್ಲಿ ಅಮೆರಿಕದ ದಕ್ಷಿಣದ ಮೆಥೋಡಿಸ್ಟ್ ಸಭೆಯಂತೂ ಕ್ಲಾಸಿಗೆ ಬರಲೇಬೇಕೆಂಬ ನಿಯಮವನ್ನೇ ಕೈಬಿಟ್ಟಿತು. ಆದ್ದರಿಂದ ತಪ್ಪನ್ನೆಲ್ಲ ಫೋನಿನ ಮೇಲೆ ಹಾಕುವುದು ನ್ಯಾಯವಲ್ಲ. ಹೋಗಿ ನೋಡುವ ಅಭ್ಯಾಸ ಮೊದಲೇ ತಪ್ಪಿತ್ತು, ಫೋನು ಅದಕ್ಕೊಂದು ಒಳ್ಳೆಯ ನೆಪ ಕೊಟ್ಟಿತು.

ಕರಾವಳಿಯವರಿಗೆ ಈ ಕಥೆ ಕೇಳುವಾಗ ಇನ್ನೊಂದು ನೆನಪಾಗದೆ ಇರದು... ಪಿಗ್ಮಿ! 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯವನಿಗೆ ಗೊತ್ತಿಲ್ಲದ ಮನೆವಾರ್ತೆ ಇತ್ತೇ? ಯಾರ ಮಗಳಿಗೆ ಸಂಬಂಧ ಕೂಡಿಬಂತು, ಯಾರ ಅಂಗಡಿ ಮೂರು ದಿನದಿಂದ ತೆರೆದಿಲ್ಲ, ಎಲ್ಲ ಅವನಿಗೆ ಮೊದಲು ತಿಳಿಯುತ್ತಿತ್ತು. ಬ್ಯಾಂಕಿನ ದೃಷ್ಟಿಯಲ್ಲಿ ಎರಡಾಣೆಗಾಗಿ ಒಬ್ಬ ಮನುಷ್ಯ ನಡೆದು ಹೋಗುವುದು ದುಬಾರಿ ಲೆಕ್ಕ. ಆದರೆ ಆ ನಡಿಗೆಯಿಂದಲೇ ವಿಶ್ವಾಸ ಬೆಳೆದದ್ದು.

ಇಷ್ಟೆಲ್ಲ ಹೇಳಿದ ಮೇಲೆ ನಾವೇನು ಮಾಡಿದೆವು ಎಂದೂ ಹೇಳಬೇಕಲ್ಲ. ಮುಂದಿನ ಕಮಿಟಿಯಲ್ಲಿ ಟೀಚರಮ್ಮನ ವಿಷಯ ಎತ್ತಿ ನನ್ನ ತಪ್ಪು ಒಪ್ಪಿಕೊಂಡೆ. ಯುಪಿಐ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಆದರೆ ಸಭೆಯ ಮನೆಗಳನ್ನು ರೈಲು ಸ್ಟೇಷನ್ನಿನ ಪ್ರಕಾರ ಹಂಚಿಕೊಂಡೆವು. ಒಬ್ಬೊಬ್ಬರಿಗೆ ಏಳೆಂಟು ಮನೆ. ತಿಂಗಳಿಗೊಮ್ಮೆ ಹೋಗಬೇಕು, ಮೆಸೇಜ್ ಹಾಕಿದರೆ ಲೆಕ್ಕಕ್ಕಿಲ್ಲ. ಬರಿಗೈಯಲ್ಲಿ ಹೋಗಲು ಸಂಕೋಚ ಎಂದು ಕೆಲವರು ಹೇಳಿದರು. ಹಾಗಾಗಿ ಬಡವರ ನಿಧಿಗೆ ಹತ್ತು ರೂಪಾಯಿ ಎತ್ತುವ ನೆಪ ಇಟ್ಟುಕೊಂಡೆವು. ನಗದೇ ಆಗಬೇಕು, ಕೈಯಿಂದ ಕೈಗೇ ಬರಬೇಕು.

ಮೊದಲ ಎರಡು ತಿಂಗಳು ಉತ್ಸಾಹ, ಮೂರನೆಯ ತಿಂಗಳಿಗೆ ಇಬ್ಬರು ಕೈಬಿಟ್ಟರು. ಮಳೆಗಾಲದಲ್ಲಿ ಇನ್ನಷ್ಟು ಕಷ್ಟ. ಯಜಮಾನರ ಮನೆಯ ಗೇಟಿನ ಸಮಸ್ಯೆ ನಮಗೂ ಇದೆ, ಸೊಸೈಟಿಯ ವಾಚ್‌ಮನ್ ರೂಪದಲ್ಲಿ! ಆದರೆ ಒಬ್ಬ ಹುಡುಗನಿಗೆ ಕೆಲಸ ಹೋಗಿ ನಾಲ್ಕು ತಿಂಗಳಾಗಿದ್ದು, ಒಂದು ಮನೆಯಲ್ಲಿ ಅಜ್ಜ ಮರೆವಿನ ಕಾಯಿಲೆಯಿಂದ ದಾರಿ ತಪ್ಪಿ ಹೋಗಿ ಸಿಕ್ಕಿದ್ದು ನಮಗೆ ಗೊತ್ತಾದದ್ದು ಹೀಗೆ ಹೋದಾಗಲೇ. ಗ್ರೂಪಿನಲ್ಲಿ ಆ ಮನೆಯವರು ದಿನಾ ಎಲ್ಲರಿಗೂ ಶುಭೋದಯ ಹಾಕುತ್ತಿದ್ದರು.

ಟೀಚರಮ್ಮನ ಮನೆ ನನ್ನ ಪಾಲಿಗೆ ಬಂದಿದೆ, ಕೇಳಿ ಪಡೆದುಕೊಂಡದ್ದು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಹೋದ ತಿಂಗಳು ಹತ್ತು ರೂಪಾಯಿಯ ನಾಣ್ಯ ಕೈಗಿಟ್ಟು, ರಸೀದಿ ಎಲ್ಲಿ ಎಂದು ಕೇಳಿದರು. ರಸೀದಿ ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಬ್ಯಾಂಕಿನವನಾಗಿ ಇಷ್ಟೂ ಗೊತ್ತಿಲ್ಲವೇ ಎಂದು ಬೈಸಿಕೊಂಡು, ಕಾಫಿ ಕುಡಿದು ಬಂದೆ.