ಅತ್ತಿಮಬ್ಬೆಯ ತಂಗಿ

ನಮ್ಮ ಮನೆಗಳಲ್ಲಿ ಮಕ್ಕಳಿಗೆ ನಾಡಿನ ಚರಿತ್ರೆ ಮೊದಲು ಸಿಗುವುದು ಶಾಲೆಯಲ್ಲಲ್ಲ, ಅಡಿಗೆಮನೆಯ ಹೊಸ್ತಿಲಲ್ಲಿ. ಒನಕೆ ಹಿಡಿದು ನಿಂತ ಓಬವ್ವನ ವಿಷಯ ಮೇಷ್ಟರು ಹೇಳುವ ಮೊದಲೇ ಅಜ್ಜಿ ಹೇಳಿ ಮುಗಿಸಿರುತ್ತಾಳೆ. ಕಿತ್ತೂರಿನ ಚೆನ್ನಮ್ಮ ಕಂಪನಿಯ ಸೈನ್ಯವನ್ನು ಎದುರಿಸಿದ್ದು 1824ರಲ್ಲಿ ಎಂಬ ಇಸವಿ ಮಗುವಿನ ಬಾಯಿಗೆ ಬರುವುದು ತಡವಾಗಿ. ಚೆನ್ನಮ್ಮ ಮಾತ್ರ ಅದಕ್ಕಿಂತ ಎಷ್ಟೋ ಮುಂಚೆ ಮನೆಯವಳಾಗಿರುತ್ತಾಳೆ.

ಆದರೆ ಅಜ್ಜಿಯ ಕಥೆಗೆ ಒಂದು ಸೀಮೆ ಉಂಟು. ಅವಳಿಗೆ ತನ್ನ ಊರು, ತವರೂರು, ಹೆಚ್ಚೆಂದರೆ ಜಾತ್ರೆಗೆ ಹೋಗಿ ಬಂದ ಊರು ಗೊತ್ತು. ತುಳುನಾಡಿನ ಅಜ್ಜಿಗೆ ಕೋಟಿ ಚೆನ್ನಯರು ಗೊತ್ತಿದ್ದಷ್ಟು ಸಂಗೊಳ್ಳಿ ರಾಯಣ್ಣ ಗೊತ್ತಿರಲಿಲ್ಲ. ಬೆಳಗಾವಿಯ ಕಡೆಯ ಅಜ್ಜಿಗೆ ಉಳ್ಳಾಲದ ಅಬ್ಬಕ್ಕನ ಹೆಸರು ಕೇಳಿಸಿರಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರ ನವೆಂಬರ್ 1ರವರೆಗೆ ಕನ್ನಡ ಮಾತನಾಡುವ ಜನ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಮುಂಚೆ ಒಂದು ಸೀಮೆಯ ಅಜ್ಜಿಯ ಕಥೆಯನ್ನು ಇನ್ನೊಂದು ಸೀಮೆಯ ಮೊಮ್ಮಗುವಿಗೆ ಮುಟ್ಟಿಸಿದ್ದು ಮಕ್ಕಳ ಪುಸ್ತಕಗಳು.

ಪಂಜೆ ಮಂಗೇಶರಾಯರನ್ನೇ ನೋಡಿ. ಶಾಲಾ ಮೇಷ್ಟರಾಗಿ, ಇನ್‌ಸ್ಪೆಕ್ಟರಾಗಿ ಕೆಲಸ ಮಾಡಿದವರು. ಕೋಟಿ ಚೆನ್ನಯರ ಕಥೆ ತುಳುವಿನ ಪಾಡ್ದನಗಳಲ್ಲಿತ್ತು. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಡುವ ಹೆಂಗಸರು ಹಾಡುತ್ತಾ ಬಂದ ಪಾಡ್ದನಗಳವು. ಅದನ್ನು ಪಂಜೆಯವರು ಮಕ್ಕಳು ಓದಬಹುದಾದ ಕನ್ನಡ ಗದ್ಯಕ್ಕೆ ತಂದರು. ಹೆಸರಿಲ್ಲದ ಆ ಹಾಡುಗಾರ್ತಿಯರ ಬಾಯಿಂದ ಹೊರಟ ಕಥೆ ಹೀಗೆ ತುಳು ಬಾರದ ಮನೆಗಳನ್ನೂ ಸೇರಿತು. ಅದೇ ಪಂಜೆಯವರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಊರು.

ಆಮೇಲೆ ಬಂದವರೂ ಕಡಿಮೆ ಕೆಲಸ ಮಾಡಲಿಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟಗಳು ಬಂದವು. ವೈದ್ಯೆಯಾಗಿದ್ದ ಅನುಪಮಾ ನಿರಂಜನ, ‘ದಿನಕ್ಕೊಂದು ಕಥೆ’ ಎಂದು ತಿಂಗಳಿಗೊಂದರಂತೆ ಹನ್ನೆರಡು ಸಂಪುಟ ಮಾಡಿಕೊಟ್ಟರು. ರೋಗಿಗಳನ್ನು ನೋಡಿ, ಮನೆ ನೋಡಿಕೊಂಡು, ವರ್ಷಕ್ಕಾಗುವಷ್ಟು ಕಥೆ ಕೂಡಿಸಿದ ಆ ಶ್ರಮ ಎಷ್ಟಿದ್ದಿರಬೇಕು ಎಂದು ಮನೆ ನಡೆಸುವ ನಮಗೆ ಬೇರೆಯವರು ಹೇಳಬೇಕಿಲ್ಲ. 1970ರ ದಶಕದಲ್ಲಿ ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರಟ ‘ಭಾರತ ಭಾರತಿ’ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಕಿರುಪುಸ್ತಕಗಳು ಬಂದವು. ಅಂಗೈಯಗಲದ ಆ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಶಾಲೆಯ ಚೀಲದಲ್ಲಿ, ದಿಂಬಿನ ಕೆಳಗೆ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಕೂಡ ಇರುತ್ತಿದ್ದವು.

ಇಂಥ ಪುಸ್ತಕಗಳಲ್ಲಿ ನನಗೆ ಬಹಳ ಪ್ರಿಯವಾದ ಕಥೆ ಅತ್ತಿಮಬ್ಬೆಯದು. ಹತ್ತನೆಯ ಶತಮಾನದವಳು. ಪೊನ್ನ ಕವಿಯ ಶಾಂತಿಪುರಾಣವನ್ನು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಅಚ್ಚಿನ ಯಂತ್ರವಿಲ್ಲದ ಕಾಲ. ತಾಳೆಗರಿಯನ್ನು ಹದಮಾಡಬೇಕು, ಒಂದಳತೆಗೆ ಕತ್ತರಿಸಬೇಕು, ಕಬ್ಬಿಣದ ಕಂಟದಿಂದ ಗರಿ ಹರಿಯದಂತೆ ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ತೀಡಿ ಒರೆಸಬೇಕು, ತೂತು ಮಾಡಿ ದಾರ ಪೋಣಿಸಬೇಕು. ಹೀಗೆ ಒಂದು ಸಾವಿರ ಸಲ! ರನ್ನನಿಗೆ ಆಶ್ರಯ ಕೊಟ್ಟವಳೂ ಅವಳೇ. ಅವನ ಅಜಿತಪುರಾಣ ಸಿದ್ಧವಾದದ್ದು 993ರಲ್ಲಿ. ಗದಗಿಗೆ ಹತ್ತಿರದ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ರಾಜ್ಯ ಸರ್ಕಾರ ಅವಳ ಹೆಸರಿನಲ್ಲಿ ‘ದಾನಚಿಂತಾಮಣಿ’ ಪ್ರಶಸ್ತಿಯನ್ನೂ ಇಟ್ಟಿದೆ.

ನನ್ನ ಮಗಳು ಐದನೆಯ ತರಗತಿಯಲ್ಲಿದ್ದಾಗ ಅವಳಿಗೆ ಈ ಕಥೆಯ ಒಂದು ಕಿರುಪುಸ್ತಕವನ್ನು ಓದಿ ಹೇಳುತ್ತಿದ್ದೆ. ಇಂಗ್ಲಿಷ್ ಶಾಲೆಗೆ ಹೋಗುವವಳಾದ್ದರಿಂದ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದಳು. ಹಾಗಾಗಿ ನಾನು ಓದುವುದು, ಅವಳು ಕೇಳುವುದು. ಅತ್ತಿಮಬ್ಬೆಯ ಗಂಡ ನಾಗದೇವ ಯುದ್ಧದಲ್ಲಿ ಮಡಿದ, ಆಕೆ ಮಗನನ್ನು ಬೆಳೆಸಿದಳು, ದಾನಧರ್ಮದಲ್ಲಿ ಬಾಳು ಕಳೆದಳು ಎಂದು ಪುಸ್ತಕ ಓಡುತ್ತಿತ್ತು. ಮಗಳು ತಡೆದು, “ಅಮ್ಮಾ, ಅವಳ ಜೊತೆಗೆ ಮನೆಯಲ್ಲಿ ಯಾರೂ ಇರಲಿಲ್ಲವಾ?” ಎಂದಳು.

ಇದ್ದಳು. ಅವಳ ತಂಗಿ ಗುಂಡಮಬ್ಬೆ. ಅಕ್ಕ ತಂಗಿ ಇಬ್ಬರನ್ನೂ ನಾಗದೇವನಿಗೇ ಕೊಟ್ಟಿತ್ತು. ಅವನು ಸತ್ತಾಗ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದಳು. ಆ ಕಿರುಪುಸ್ತಕದಲ್ಲಿ ತಂಗಿಯ ಹೆಸರೇ ಇರಲಿಲ್ಲ. ಮಕ್ಕಳ ಮನಸ್ಸು ನೋಯಬಾರದೆಂದು ಬಿಟ್ಟಿರಬಹುದು. ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ತಂಗಿಯನ್ನು ಬಿಟ್ಟರೆ ಅಕ್ಕ ಅರ್ಧವಾಗುತ್ತಾಳೆ. ಒಂದೇ ದಿನ, ಒಂದೇ ಮನೆಯಲ್ಲಿ, ಒಬ್ಬನೇ ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರ ದಾರಿ ಅಲ್ಲಿ ಕವಲೊಡೆಯಿತು. ಉಳಿದವಳು ಬದುಕಿದ್ದರಿಂದ ಮಗ ಬೆಳೆದ, ಸಾವಿರ ಪ್ರತಿಗಳಾದವು, ರನ್ನನ ಕಾವ್ಯವಾಯಿತು, ಲಕ್ಕುಂಡಿಯ ಬಸದಿ ಎದ್ದಿತು. ಹೋದವಳು ಉಳಿದಿದ್ದರೆ ಏನೇನು ಆಗುತ್ತಿತ್ತೋ, ಅದನ್ನು ಬರೆಯಲು ಚರಿತ್ರೆಯಲ್ಲಿ ಜಾಗವೇ ಇಲ್ಲ.

ನಾನು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಅಕ್ಕ ಬೇಡ ಅಂತ ಹೇಳಲಿಲ್ಲವಾ?” ಎಂದಳು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲೇ ತಾನೆ? ಇಸವಿ ಕಂಠಪಾಠ ಮಾಡಿದ್ದರೆ ಅವಳು ಇದನ್ನು ಕೇಳುತ್ತಿರಲಿಲ್ಲ.

ಈ ಮಾತು ಹೇಳುವುದಕ್ಕೆ ಕಾರಣವಿದೆ. ಮಕ್ಕಳ ಪುಸ್ತಕದಲ್ಲಿ ವೀರರು, ದಾನಿಗಳು, ದೇವಾಲಯಗಳು ಇರಲೇಬೇಕು. ಅದರ ಜೊತೆಗೆ ಅಲ್ಲಿ ಹೇಳದೆ ಬಿಟ್ಟದ್ದನ್ನು ಕೂಡಿಸುವುದು ಓದಿ ಹೇಳುವವರ ಕೆಲಸ. ಆ ಕೆಲಸ ಹೆಚ್ಚಾಗಿ ನಮ್ಮ ಪಾಲಿಗೇ ಬಂದಿದೆ. ಸಂಜೆ ಕುಕ್ಕರ್ ಕೂಗುವಷ್ಟು ಹೊತ್ತು ಸಾಕು, ನಾಲ್ಕು ಪುಟ ಆಗುತ್ತದೆ. ಮಗುವಿಗೆ ಕನ್ನಡ ಓದಲು ತಡವರಿಸುತ್ತದೆಯೆಂದು ಪುಸ್ತಕವನ್ನೇ ದೂರ ಇಡಬೇಡಿ. ಕಿವಿಗೆ ಬಿದ್ದದ್ದು ನಾಲಿಗೆಗೆ ಬಂದೇ ಬರುತ್ತದೆ. ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನುವವರಿದ್ದಾರೆ. ಸಿಗಲಿ, ಬೇಡವೆನ್ನುವುದಿಲ್ಲ. ಆದರೆ ಓದುವ ನಡುವೆ ನಿಲ್ಲಿಸಿ, “ಅವಳ ಜೊತೆಗೆ ಯಾರಿದ್ದರು?” ಎಂದು ಕೇಳಿದಾಗ ಮುಖ ನೋಡಿ ಮಾತಾಡುವವರು ಮನೆಯಲ್ಲೇ ಬೇಕು.

ರಜೆಯಲ್ಲಿ ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಬಹುದು. ನಮ್ಮ ಎಷ್ಟೋ ಹಳ್ಳಿಗಳ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹಳೆಯ ಕಲ್ಲುಗಳು ನಿಂತಿವೆ. ಯುದ್ಧದಲ್ಲಿ ಸತ್ತವನದು ವೀರಗಲ್ಲು. ಕೆಲವು ಕಲ್ಲುಗಳಲ್ಲಿ ಒಂದು ಕಂಬ, ಕಂಬದಿಂದ ಚಾಚಿ ಮೇಲಕ್ಕೆತ್ತಿದ ಹೆಣ್ಣಿನ ತೋಳು, ತೋಳಿನಲ್ಲಿ ಬಳೆ. ಅದು ಮಾಸ್ತಿಕಲ್ಲು, ಗಂಡನೊಡನೆ ಸುಟ್ಟುಹೋದವಳ ಗುರುತು. ಮಗುವಿನ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಆ ಬಳೆಗಳನ್ನು ಎಣಿಸಲು ಹೇಳಿ. ಪುಸ್ತಕದಲ್ಲಿ ಜಾಗ ಸಿಗದ ಗುಂಡಮಬ್ಬೆಯರು ಅಲ್ಲಿ ಮಳೆಬಿಸಿಲಿಗೆ ನಿಂತಿದ್ದಾರೆ. ಅವರ ಹೆಸರು ಗೊತ್ತಿಲ್ಲದಿದ್ದರೂ, ಅವರೂ ಇದ್ದರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಲಿ.